ಏಳು ಚುಕ್ಕಿಯ ಲೆಕ್ಕ: ಸಂಪಾದಕರ ಉತ್ತರ

ಪ್ರಿಯ ಮೇಷ್ಟ್ರೇ,

ನಿಮ್ಮ ಪತ್ರ ಓದಿ ನಾಚಿಕೆಯಾಯಿತು. ‘ಆಟವಾಡಿಸುತ್ತಾ ಗಣಿತ ಕಲಿಸಿ ಅಂತ ಹೋದ ಸಂಚಿಕೆಯಲ್ಲಿ ಪುಟಗಟ್ಟಲೆ ಬರೆದಿದ್ದೀರಿ. ಮುಳಬಾಗಿಲು ಕಡೆಯ ನಮ್ಮ ಶಾಲೆಯಲ್ಲಿ ಐದು, ಆರು, ಏಳು ಮೂರೂ ತರಗತಿ ಒಂದೇ ಕೋಣೆಯಲ್ಲಿವೆ. ಗಣಿತದ ಆಟಿಕೆ ಕಿಟ್ಟಿನಲ್ಲಿ ಒಂದು ಬಿಲ್ಲೆ ಕಳೆದರೂ ನಾನೇ ಹೊಣೆ ಅಂತ ಬೀರುವಿಗೆ ಬೀಗ ಹಾಕಿದ್ದೇನೆ. ಮನೆಯಲ್ಲಿ ತೆಲುಗು ಆಡುವ ಮಕ್ಕಳಿಗೆ ಭಿನ್ನರಾಶಿಯ ಅಂಶ, ಛೇದ ತಲೆಗೇ ಹತ್ತುವುದಿಲ್ಲ. ಕಾಸು ಖರ್ಚಿಲ್ಲದೆ ಏನು ಮಾಡಬಹುದು, ಪಟ್ಟಿ ಕೊಡಿ’ ಎಂದು ಕೇಳಿದ್ದೀರಿ. ಆ ಲೇಖನ ಅಚ್ಚಿಗೆ ಹೋಗುವ ಮೊದಲು ಒಬ್ಬ ಮೇಷ್ಟ್ರಿಗಾದರೂ ತೋರಿಸಬೇಕಿತ್ತು. ತೋರಿಸಲಿಲ್ಲ, ತಪ್ಪು ನಮ್ಮದೇ.

ಪಟ್ಟಿ ಮಾತ್ರ ಕೊಡಲಾರೆ. ಪಟ್ಟಿ ಮಾಡಿ ಮಾಡಿಯೇ ನಿಮ್ಮ ಬೀರು ತುಂಬಿರುವುದು. ಒಂದು ರಂಗೋಲಿ ಹೇಳುತ್ತೇನೆ, ವಾರವಿಡೀ ಅದನ್ನೇ ಹಿಡಿದುಕೊಳ್ಳಿ.

ನೇರ ಚುಕ್ಕಿ, ನಡುಸಾಲಿಗೆ ಏಳು, ಮೇಲೂ ಕೆಳಗೂ ಐದು, ಮೂರು, ಒಂದು. ನಿಮ್ಮ ಮಕ್ಕಳ ಅಮ್ಮಂದಿರು ಇದನ್ನು ಕಣ್ಣು ಮುಚ್ಚಿ ಇಡುತ್ತಾರೆ. ‘ರಂಗೋಲಿ ಹೆಣ್ಮಕ್ಕಳ ಕೆಲಸ’ ಎನ್ನುವ ಹುಡುಗರ ಕೈಗೇ ಮೊದಲು ಪುಡಿ ಕೊಡಿ. ಐದನೆಯವರು ಒಂದೊಂದಾಗಿ ಎಣಿಸದೆ ಒಟ್ಟು ಎಷ್ಟು ಚುಕ್ಕಿ ಅಂತ ಹೇಳಲಿ. ಆರನೆಯವರು ತುದಿಯಿಂದ ಕೂಡಿಸುತ್ತಾ ಬರಲಿ: 1, 4, 9, 16. ಬೆಸಸಂಖ್ಯೆ ಕೂಡಿದರೆ ವರ್ಗಸಂಖ್ಯೆಯೇ ಯಾಕೆ ಬರುತ್ತದೆ ಅಂತ ನೀವು ಬಾಯಿ ಬಿಡಬೇಡಿ, ಅವರು ಜಗಳವಾಡಲಿ. ಏಳನೆಯವರಿಗೆ ಬಣ್ಣದ ಕೆಲಸ. ಹೊರ ಅಂಚಿನ ಹನ್ನೆರಡಕ್ಕೆ ಕೆಮ್ಮಣ್ಣು, ಒಳಗಿನ ಎಂಟಕ್ಕೆ ಬಿಳಿ, ಅದರೊಳಗಿನ ನಾಲ್ಕಕ್ಕೆ ಮತ್ತೆ ಕೆಮ್ಮಣ್ಣು, ನಡುವಿನ ಒಂಟಿ ಚುಕ್ಕಿಗೆ ಬಿಳಿ. ಈಗ ಮೂಲೆಯಿಂದ ತಲೆ ವಾರೆ ಮಾಡಿ ನೋಡಿದರೆ ಕೆಂಪು ಚುಕ್ಕಿ ನಾಲ್ಕು ಸಾಲು, ಸಾಲಿಗೆ ನಾಲ್ಕು. ಅದರ ಸಂದಿನಲ್ಲಿ ಬಿಳಿ, ಮೂರು ಸಾಲಿಗೆ ಮೂರು ಮೂರು. ಹದಿನಾರು, ಒಂಬತ್ತು, ಒಟ್ಟು ಇಪ್ಪತ್ತೈದು. ಅಷ್ಟೇ ಹುಣಸೆ ಬೀಜ ಕೊಟ್ಟು ಐದು ಸಾಲಿಗೆ ಐದೈದು ಜೋಡಿಸಿ ಅನ್ನಿ. ಮೂರರ ವರ್ಗಕ್ಕೆ ನಾಲ್ಕರ ವರ್ಗ ಕೂಡಿದರೆ ಐದರ ವರ್ಗ. ಲಂಬಕೋನ ತ್ರಿಕೋನದ ಲೆಕ್ಕದಲ್ಲಿ ಬರುವ ಪೈಥಾಗರಸನ ಮೂರು, ನಾಲ್ಕು, ಐದು ಬಾಗಿಲ ಮುಂದೆಯೇ ಬಿದ್ದಿತ್ತು!

ಎಲ್ಲ ರಂಗೋಲಿಗೂ ಹೀಗಾಗುವುದಿಲ್ಲ, ಮಜಾ ಇರುವುದು ಅಲ್ಲೇ. ನಡುಸಾಲಿನಲ್ಲಿ ಐದಿಟ್ಟರೆ ಒಟ್ಟು 13, ಒಂಬತ್ತಿಟ್ಟರೆ ಒಟ್ಟು 41. ಎರಡೂ ಚೌಕಕ್ಕೆ ಕೂರವು. ಏಳರ ನಂತರ ಕೂರುವುದು ನಡುಸಾಲಿಗೆ 41 ಚುಕ್ಕಿ ಇಟ್ಟಾಗ. ಆಗ ಒಟ್ಟು 841, ಅಂದರೆ 29ರ ವರ್ಗ. ಇದು ನಿಮಗೆ ಮಾತ್ರ. ಮಕ್ಕಳಿಗೆ ‘ಇನ್ನೊಂದಿದೆ’ ಅಂತ ಹೇಳಿ ಸುಮ್ಮನಾಗಿ. (ನಮ್ಮ ಕಚೇರಿ ಅಂಗಳದಲ್ಲಿ ನಾನೇ ಬಿಡಿಸಲು ಹೋದೆ. ಡಿಟಿಪಿ ಮಾಡುವ ಹುಡುಗಿ ಬಂದು, ಸೊಟ್ಟಗಿದೆ ಸಾರ್ ಅಂತ ಕಾಲಲ್ಲಿ ಒರೆಸಿ ತಾನೇ ಹಾಕಿದಳು.)

ಭಿನ್ನರಾಶಿಗೆ ಬರೋಣ. ತೆಲುಗು ಅಡ್ಡಿ ಅಂದಿರಿ, ನನಗೆ ಹಾಗನ್ನಿಸುವುದಿಲ್ಲ. ಆ ಮಕ್ಕಳು ಅಂಗಡಿಯಲ್ಲಿ ‘ಪಾವು ಕೆಜಿ’ ಕೇಳಿ ತರುವವರು. ತೆಲುಗಿನ ಪಾವು ಅಂದರೆ ಕಾಲು, ಮುಪ್ಪಾವು ಅಂದರೆ ಮುಕ್ಕಾಲು. ನಮ್ಮ ಪಾವೂ ಸೇರಿನ ಕಾಲು ಭಾಗವೇ. ಯಾರದಾದರೂ ಅಜ್ಜಿ ಮನೆಯಿಂದ ಸೇರು, ಪಾವು, ಚಟಾಕು ತರಿಸಿ ರಾಗಿ ಅಳೆಯಿಸಿ. ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು. ಕಾಲಿನಲ್ಲಿ ಕಾಲು ಅಂದರೆ ಹದಿನಾರರಲ್ಲಿ ಒಂದು. ಗುಣಿಸಿದರೆ ದೊಡ್ಡದಾಗಬೇಕಲ್ವಾ ಸಾರ್ ಎನ್ನುವ ಪ್ರಶ್ನೆ ಖಂಡಿತ ಬರುತ್ತದೆ. ಆಗ ಚಟಾಕನ್ನು ಕೇಳಿದವನ ಕೈಗೇ ಕೊಡಿ. ಆದರೆ ಅದೇ ದಿನ, ರಾಗಿ ಇನ್ನೂ ಚೆಲ್ಲಿರುವಾಗಲೇ, ಬೋರ್ಡಿನ ಮೇಲೆ ¼ × ¼ = 1/16 ಅಂತ ಬರೆಸಿಬಿಡಿ. ನಾಳೆಗೆ ಬಿಟ್ಟರೆ ಅದು ಬರೀ ರಾಗಿ ಅಳೆದ ಆಟ.

ರೇಖಾಗಣಿತಕ್ಕೆ ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬು ಸಾಕು. ಟ್ಯೂಬಿನ ತುಂಡುಗಳಿಗೆ ಕಡ್ಡಿ ಸಿಕ್ಕಿಸಿ ಆಕಾರ ಕಟ್ಟಿಸಿ. ತ್ರಿಕೋನ ಅಲ್ಲಾಡುವುದಿಲ್ಲ, ಚೌಕ ವಾಲಿಕೊಳ್ಳುತ್ತದೆ. ಕಸದಿಂದ ಆಟಿಕೆ ಮಾಡಿ ಕಲಿಸುವ ಅರವಿಂದ ಗುಪ್ತಾ ಅವರ ಜಾಲತಾಣದಲ್ಲಿ ಇಂಥವು ರಾಶಿ ಇವೆ, ಬಿಟ್ಟಿ.

ಇನ್ನು ಬೀರು. ಬೀಗದ ಕೈ ಏಳನೆಯವರಿಗೆ ಕೊಡಿ. ಶನಿವಾರ ಅವರೇ ಎಣಿಸಿ ಪುಸ್ತಕದಲ್ಲಿ ಬರೆದು ಸಹಿ ಹಾಕಲಿ. ಎರಡು ಬಿಲ್ಲೆ ಹೋದರೆ ಹೋಯಿತು, ರಟ್ಟು ಕತ್ತರಿಸಿ ಹೊಸದು ಮಾಡಿಕೊಳ್ಳುತ್ತಾರೆ.

41ರ ಹತ್ತಿರ ಯಾರಾದರೂ ಬಂದರೆ ತಪ್ಪದೆ ಬರೆಯಿರಿ. ಒಬ್ಬರೂ ಬರದಿದ್ದರೂ ಬರೆಯಿರಿ, ಹೋದ ಸಂಚಿಕೆಯ ಲೇಖಕರಿಗೆ ತೋರಿಸುವುದಿದೆ.

ಸಂಪಾದಕ