ಅಕ್ಕನ ಮಗನ ಮದುವೆ ವಿಚಾರ

‘ನಮ್ಮ ಕಾಲದಲ್ಲಿ ಇಂಥವರು ಒಬ್ಬರೂ ಇರಲಿಲ್ಲ. ಕೋರ್ಟು ಹೂಂ ಅಂದಮೇಲೆ ಎಲ್ಲಾ ಕಡೆ ಹುಟ್ಟಿಕೊಂಡಿದ್ದಾರೆ. ಈಗ ನನ್ನ ಅಕ್ಕನ ಮಗನೂ ತನಗೆ ಗಂಡಸರೇ ಇಷ್ಟ ಅನ್ನುತ್ತಿದ್ದಾನೆ. ಡಾಕ್ಟರಿಗೆ ತೋರಿಸಿ ಒಂದು ಮದುವೆ ಮಾಡಿದರೆ ಸರಿಹೋಗಲ್ವಾ?’
– ಓದುಗರೊಬ್ಬರು, ತಿಪಟೂರು

ನಮಸ್ಕಾರ ಸರ್. ಸಿಟ್ಟಿನಲ್ಲೇ ಬರೆದಿದ್ದೀರಿ, ಆದರೆ ಹುಡುಗನ ಮೇಲಿನ ಕಾಳಜಿಯೂ ಕಾಣುತ್ತದೆ. ಅದಕ್ಕೇ ನೇರವಾಗಿ ಹೇಳುತ್ತೇನೆ. ಸರಿಹೋಗಲ್ಲ. ದಯವಿಟ್ಟು ಮದುವೆ ಮಾಡಬೇಡಿ.

ನಿಮ್ಮ ಕಾಲದಲ್ಲೂ ಇದ್ದರು ಸರ್. ಮನೆಯವರ ಬಲವಂತಕ್ಕೆ ತಾಳಿ ಕಟ್ಟಿದರು, ಮಕ್ಕಳೂ ಆದವು. ಅವರ ಕೈಹಿಡಿದ ಹೆಂಗಸರನ್ನು ಸ್ವಲ್ಪ ನೆನೆಸಿಕೊಳ್ಳಿ. ಗಂಡ ಯಾಕೆ ಮುಖ ಕೊಟ್ಟು ಮಾತಾಡಲ್ಲ ಅಂತ ಗೊತ್ತಾಗದೆ, ತನ್ನಲ್ಲೇ ಏನೋ ಕೊರತೆ ಅಂದುಕೊಂಡು, ಅತ್ತೆಯ ಚುಚ್ಚುಮಾತು ಕೇಳಿಕೊಂಡು, ಕಂಡ ದೇವರಿಗೆಲ್ಲ ಹರಕೆ ಹೊತ್ತು, ತವರಿನಲ್ಲೂ ಬಾಯಿಬಿಡಲಾಗದೆ ಸವೆದುಹೋದವರು. ಹೆಣ್ಣನ್ನೇ ಇಷ್ಟಪಟ್ಟ ಹೆಣ್ಣುಮಕ್ಕಳನ್ನಂತೂ ಯಾರೂ ಕೇಳಲೇ ಇಲ್ಲ, ಧಾರೆ ಎರೆದು ಕಳಿಸಿದರು ಅಷ್ಟೇ.

ಹೇಳಿಕೊಳ್ಳೋದಾದರೂ ಹೇಗೆ? ಬ್ರಿಟಿಷರು 1860ರಲ್ಲಿ ಬರೆದ ದಂಡ ಸಂಹಿತೆಯ 377ನೇ ಸೆಕ್ಷನ್ನಿನಲ್ಲಿ ಇಂಥ ಸಂಬಂಧಕ್ಕೆ ಜೀವಾವಧಿವರೆಗೂ ಶಿಕ್ಷೆ ಇತ್ತು. ಅಂಥದ್ದರಲ್ಲೂ ಬೆಂಗಳೂರಿನಲ್ಲಿ 1994ರಲ್ಲೇ ‘ಗುಡ್ ಆ್ಯಸ್ ಯೂ’ ಅನ್ನೋ ಇಂಥವರದ್ದೇ ಗುಂಪು ಶುರುವಾಯಿತು. 2008ರಲ್ಲಿ ಬೀದಿಗಿಳಿದು ಮೆರವಣಿಗೆ ಮಾಡಿದರು, ಗುರುತು ಸಿಕ್ಕೀತು ಅಂತ ಕೆಲವರು ಮುಖವಾಡ ಹಾಕಿಕೊಂಡೇ ನಡೆದರು. 2009ರಲ್ಲಿ ದೆಹಲಿ ಹೈಕೋರ್ಟ್ ಇವರ ಪರ ನಿಂತಿತು, 2013ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ಆಮೇಲೆ ದಾರಿ ತೆರೆದದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಕೇಸು. ಅವರು ಹೋಗಿದ್ದು ಆಧಾರ್ ವಿರುದ್ಧ. ಆದರೆ ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಬಂದ ತೀರ್ಪು ಇವರಿಗೂ ಆಸರೆಯಾಯಿತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ತೀರ್ಪಿನಿಂದ, ಒಪ್ಪಿ ಕೂಡುವ ವಯಸ್ಕರ ಮೇಲಿದ್ದ ಆ ಅಪರಾಧದ ಹಣೆಪಟ್ಟಿ ಹೋಯಿತು. ಈ ಜನ ಬಾಯಿಬಿಟ್ಟು ಎಷ್ಟೋ ವರ್ಷ ಆದಮೇಲೆ ಕೋರ್ಟು ಹೂಂ ಅಂದಿದ್ದು, ಅಲ್ವಾ?

ಡಾಕ್ಟರ ವಿಚಾರ. ಇದು ಕಾಯಿಲೆ ಅಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಪಟ್ಟಿಯಿಂದ ತೆಗೆದಿದೆ. ‘ಸರಿ ಮಾಡ್ತೀವಿ’ ಅಂತ ಚಿಕಿತ್ಸೆ ಕೊಡೋದು ವೃತ್ತಿಯಲ್ಲಿ ತಪ್ಪು ನಡತೆ ಅಂತ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿದೆ. ಹಾಗೆ ಹೇಳಿ ದುಡ್ಡು ಕೇಳುವವರ ಹತ್ತಿರ ಹುಡುಗನನ್ನು ಕರೆದುಕೊಂಡು ಹೋಗಬೇಡಿ.

ಎಲ್ಲ ಬದಲಾಗಿದೆ ಅಂತ ನಾನು ಹೇಳಲ್ಲ. ಇವರ ಮದುವೆಗೆ ಮಾನ್ಯತೆ ಕೊಡಲು 2023ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಬಾಡಿಗೆ ಮನೆ ಸಿಗೋದು ಈಗಲೂ ಕಷ್ಟ. ಹೀಗಿದ್ದೂ ನಿಮ್ಮ ಹುಡುಗ ಮನೆಯವರ ಮುಂದೆ ನಿಂತು ನಿಜ ಹೇಳಿದ್ದಾನೆ. ಹುಡುಗಿ ನೋಡೋದು ನಿಲ್ಲಿಸಿ ಅಂತ ಅಕ್ಕನಿಗೆ ಹೇಳಿ. ಆಮೇಲೆ ಅವನಿಗೆ ನೀವೇ ಒಂದು ಫೋನ್ ಮಾಡಿ, ಊಟ ಆಯ್ತಾ ಅಂತ ಕೇಳಿ.