ದೇವರು ಸುವಾರ್ತೆ ಸಾರುವ ಸೇವೆಗೆ ಕರೆದಿದ್ದಾನೆ ಅನಿಸುತ್ತಿದೆ. ಕೆಲಸ ಬಿಟ್ಟರೆ ಮಾತ್ರ ನಿಜವಾದ ಶಿಷ್ಯ ಅಲ್ವಾ? ಕೆಲಸ ಬಿಡುವ ಮುಂಚೆ ಲೆಕ್ಕ ಹಾಕಿದರೆ ನಂಬಿಕೆ ಕಡಿಮೆ ಅಂತ ಅರ್ಥವಾ? ಮನೆಯಲ್ಲಿ ಇನ್ನೂ ಹೇಳಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ನಿಂತದ್ದು ಕೊನೆಯ ಸಾಲಿನ ಮೇಲೆ: "ಮನೆಯಲ್ಲಿ ಇನ್ನೂ ಹೇಳಿಲ್ಲ." ನಾನೂ ಹೇಳಿರಲಿಲ್ಲ.

11 ವರ್ಷದ ಹಿಂದೆ ಒಂದು ಸಂಜೆ ರಾಜೀನಾಮೆ ಕೊಟ್ಟು ಮನೆಗೆ ಬಂದೆ. ಹೆಂಡತಿ ಬಟ್ಟೆ ಮಡಚುತ್ತಿದ್ದಳು. "ದೇವರು ನನ್ನನ್ನು ಪೂರ್ಣಾವಧಿ ಸೇವೆಗೆ ಕರೆದಿದ್ದಾನೆ" ಅಂದೆ. ಅವಳು ಮಾತಾಡಲಿಲ್ಲ. ಒಪ್ಪಿದಳು ಅಂದುಕೊಂಡೆ.

ನನ್ನ ತಪ್ಪು ಅದೇ. ಕೆಲಸ ಬಿಟ್ಟದ್ದಲ್ಲ, ದೇವರ ಹೆಸರು ಹೇಳಿ ಅವಳ ಬಾಯಿ ಕಟ್ಟಿದ್ದು. "ನನಗೆ ಹೀಗೆ ಅನಿಸುತ್ತಿದೆ, ನೀನೇನಂತೀಯಾ?" ಅಂದಿದ್ದರೆ ಅವಳು ಬಾಡಿಗೆಗೆ ಏನು ಮಾಡೋಣ ಅಂತ ಕೇಳುತ್ತಿದ್ದಳು. ಜಗಳವೂ ಆಗುತ್ತಿತ್ತು, ಆಗಲಿ. ಆದರೆ "ದೇವರು ಹೇಳಿದ" ಅಂದ ಮೇಲೆ ಬಾಡಿಗೆಯ ಮಾತೆತ್ತಿದರೂ ದೇವರಿಗೇ ಎದುರಾಡಿದ ಹಾಗೆ, ಅಲ್ವಾ? ಇದು ನನಗೆ ಒಳಗೊಳಗೇ ಗೊತ್ತಿತ್ತು. ಅದಕ್ಕೇ ಹಾಗೆ ಹೇಳಿದ್ದು.

ಆಗ ನಾನು ಹಿಟ್ಲರನನ್ನು ವಿರೋಧಿಸಿದ ಜರ್ಮನ್ ಪಾದ್ರಿ ಬಾನ್‌ಹಾಫರ್ ಬಗ್ಗೆ ತುಂಬಾ ಓದುತ್ತಿದ್ದೆ. 1939ರಲ್ಲಿ ಅಮೆರಿಕದಲ್ಲಿ ಕ್ಷೇಮವಾಗಿದ್ದವರು ತಾವಾಗಿಯೇ ಜರ್ಮನಿಗೆ ವಾಪಸಾದರು. 1945ರಲ್ಲಿ ನಾಜಿಗಳು ಗಲ್ಲಿಗೇರಿಸಿದರು. ನಾನೂ ಅದೇ ಜಾತಿಯವನು ಅನ್ನೋ ಗುಂಗು. ಅವರಿಗೆ ಮದುವೆಯೇ ಆಗಿರಲಿಲ್ಲ, ತೆತ್ತದ್ದು ತಮ್ಮದೇ ಜೀವ ಅನ್ನುವುದು ತಲೆಗೇ ಹೋಗಲಿಲ್ಲ.

ನನ್ನ ಸೇವೆಗೆ ಬೆಲೆ ತೆತ್ತವಳು ಅವಳು. ಎರಡು ವರ್ಷ ಅವಳ ಸಂಬಳದಲ್ಲೇ ಮನೆ ನಡೆಯಿತು. ನನ್ನ ಅಪ್ಪನ ಕಣ್ಣಿನ ಆಪರೇಷನ್ ಮುಂದಕ್ಕೆ ಹೋಯಿತು. "ಎಂಥ ತ್ಯಾಗ!" ಅನ್ನೋ ಹೊಗಳಿಕೆ ಮಾತ್ರ ನನಗೆ. ಒಂದು ವಾರ ಬೈಬಲಿನ ಮಾರ್ಕ 7ನೇ ಅಧ್ಯಾಯದ ಮೇಲೆ ಸಭೆಯಲ್ಲಿ ಪ್ರಸಂಗ ಮಾಡಬೇಕಿತ್ತು. ತಂದೆತಾಯಿಗೆ ಸಲ್ಲಬೇಕಾದ್ದನ್ನು "ಕೊರ್ಬಾನ್", ಅಂದರೆ ದೇವರಿಗೆ ಮೀಸಲು, ಅಂದು ಕೈತೊಳೆದುಕೊಳ್ಳುವವರನ್ನು ಯೇಸು ತರಾಟೆಗೆ ತೆಗೆದುಕೊಳ್ಳುವ ಭಾಗ. 11ನೇ ವಚನದಿಂದ ಮುಂದೆ ಒಂದು ಸಾಲೂ ಬರೆಯಲಾಗಲಿಲ್ಲ.

ಲೆಕ್ಕ ಹಾಕುವುದು ಅಪನಂಬಿಕೆ ಅಲ್ಲವೇ ಅಲ್ಲ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ನೋಡುವುದಿಲ್ಲವೇ ಅಂತ ಲೂಕ 14ರಲ್ಲಿ ಕೇಳಿದ್ದು ಯೇಸುವೇ. ಆದರೆ ಒಬ್ಬರೇ ಕೂತು ಲೆಕ್ಕ ಹಾಕಬೇಡಿ. ದುಡ್ಡು ಹೋಗುವುದು ಯಾರ ಕೈಯಿಂದ, ನಿದ್ದೆ ಹೋಗುವುದು ಯಾರದ್ದು, ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಇನ್ನು ಕೆಲಸ ಬಿಟ್ಟರೆ ಮಾತ್ರ ನಿಜವಾದ ಶಿಷ್ಯ ಅಂತ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಪೌಲ ಕೊರಿಂಥದಲ್ಲಿ ಗುಡಾರ ಮಾಡುವ ಕಸುಬು ಮಾಡಿಕೊಂಡೇ ಸುವಾರ್ತೆ ಸಾರಿದ. ಲೂಕ 9:23ರಲ್ಲಿ ಶಿಲುಬೆ ಹೊರಬೇಕಾದ್ದು ಪ್ರತಿದಿನ. ರಾಜೀನಾಮೆ ಒಂದೇ ಸಲ ಬರೆದು ಮುಗಿಯುತ್ತದೆ, ಅದು ಸುಲಭ.

ನಾನೀಗ ಮತ್ತೆ ಕೆಲಸದಲ್ಲಿದ್ದೇನೆ, ಸಂಜೆ ಸೇವೆ. ಹೋದ ವರ್ಷ ಹೆಂಡತಿಯನ್ನು ಕೇಳಿದೆ, ಅವತ್ತು ಏನು ಹೇಳಬೇಕು ಅಂತಿದ್ದೆ ಅಂತ.

"ನಾನೂ ಬರುತ್ತೇನೆ ಅಂತಿದ್ದೆ. ಆರು ತಿಂಗಳು ಟೈಮ್ ಕೊಡಿ ಅಂತಿದ್ದೆ, ಅಷ್ಟೇ" ಅಂದಳು.