ಹೊಸ ಆಲ್ಬಮ್ ಯಾವ್ ಕೇಳ್ಬೇಕು?
ಬೀದರ್‌ನವ್ರೇ, ಸಿನಿಮಾ ಹಾಡ್ ಬಿಟ್ಟು ಬ್ಯಾರೆಬ್ಯಾರೆ ನಮೂನಿ ಹೊಸ ಆಲ್ಬಮ್ ಹೇಳ್ರಿ ಅಂತ ಕೇಳೀರಿ, ಮೊದ್ಲು ಪಾಕಿಸ್ತಾನಿ ಮೂಲದ ಗಾಯಕಿ ಆರೂಜ್ ಆಫ್ತಾಬ್ ಅವ್ರ ‘ನೈಟ್ ರೇನ್’ ಹಚ್ರಿ, 2024ರದ್ದು, ಉರ್ದು ಮತ್ತ ಅಮೆರಿಕದ ಜಾಜ್ ಸಂಗೀತ ಕೂಡಿದ್ದು, ಅದ್ರಾಗ ಹೈದ್ರಾಬಾದಿನ ಮಹ್ ಲಖಾ ಬಾಯಿ ಚಂದಾ ಬರ್ದ ಕವಿತಾನೂ ಅದಾವ, ನಮ್ಮ ಕಡಿ ಉರ್ದು ಕೇಳ್ತಾ ಬೆಳದವ್ರಿಗೆ ಎದಿಗೇ ನಾಟ್ತದ. ರಾತ್ರಿ ಹೆಡ್‌ಫೋನ್ ಹಾಕ್ಕೊಂಡೇ ಕೇಳ್ರಿ, ಸಣ್ಣ ಸ್ಪೀಕರ್‌ದಾಗ ಆ ದನಿ ಸತ್ತೇ ಹೋಗ್ತದ.

ಆಮ್ಯಾಲ ನಮ್ಮ ಶಾಸ್ತ್ರೀಯ ಸಂಗೀತಕ್ಕ ಜಾಜ್ ಕೂಡ್ಸೋ ಶಕ್ತಿ ಬ್ಯಾಂಡಿನ ‘ದಿಸ್ ಮೊಮೆಂಟ್’, 2023ರದ್ದು, ಜಾಕಿರ್ ಹುಸೇನ್ ತಬಲಾ, ಸೆಲ್ವಗಣೇಶ್ ಖಂಜಿರಾ ಎರಡೂ ಒಮ್ಮೆಲೇ ಕೇಳ್ಬೇಕ್ರೀ! ಜಾಕಿರ್ ಉಸ್ತಾದ್ರು ಈಗಿಲ್ಲ, ಅದಕ್ಕ ಇನ್ನೂ ಜಾಸ್ತಿ ಕಾಡ್ತದ. 2024ರಾಗ ಈ ಆಲ್ಬಮ್‌ಗೆ ಗ್ರ್ಯಾಮಿ ಪ್ರಶಸ್ತಿನೂ ಬಂತು.

ಗದ್ದಲ ಬೇಕಂದ್ರ ದಿಲ್ಲಿ ಬ್ಯಾಂಡ್ ಬ್ಲಡಿವುಡ್‌ದ ‘ನು ಡೆಲ್ಲಿ’, ಮೆಟಲ್ ಅನ್ನೋ ಜೋರ್ ಗಿಟಾರಿನ ರಾಕ್ ಜೋಡಿ ಢೋಲ್. ಕಂಟ್ರಿ ಮ್ಯೂಸಿಕ್‌ಗೆ, ಅಂದ್ರ ಅಮೆರಿಕದ ಹಳ್ಳಿ ಕಡಿ ಹಾಡಿಗೆ, ಅಲ್ಲಿನ ಗಾಯಕಿ ಬಿಯಾನ್ಸೆ ಅವ್ರ ‘ಕೌಬಾಯ್ ಕಾರ್ಟರ್’, ಭಾಳ ಉದ್ದ ಅದ, ಕಲಬುರಗಿ ತನಾ ಟ್ರೇನ್‌ನಾಗ ಬರೋವಾಗ ಕೇಳ್ರಿ.